ವಾರಕ್ಕೆ ಎಷ್ಟು ಬಿಡುಗಡೆ

ಕಲ್ಸಂಕದ ಮೂರನೇ ಮಹಡಿಯಲ್ಲಿ
ಕೋಡು ಬರೆಯುವವರು ಒಂಬತ್ತು ಮಂದಿ.
ಎಣಿಸುವವಳು ನಾನೊಬ್ಬಳು.

ಎಪ್ರಿಲಿನಲ್ಲಿ ಪುಣೆಯವರು ಪರದೆಯಲ್ಲಿ ಮೂಡಿ ಕೇಳಿದರು:
ವಾರಕ್ಕೆ ಎಷ್ಟು ರಿಲೀಸು?
ನಾನು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ:
ವಾರಕ್ಕೆ ಎಷ್ಟು ಬಿಡುಗಡೆ?
ಬರೆದ ಮೇಲೆ ಆ ಸಾಲನ್ನೇ ನೋಡುತ್ತ ಕೂತೆ.
ಅಜ್ಜನ ಕಾಲದಲ್ಲಿ ಇಡೀ ದೇಶಕ್ಕೆ
ಒಂದೇ ಸಲ ಆದದ್ದು ಅದು,
ಅದೂ ನಡುರಾತ್ರಿ,
ದೋಷಗಳ ಪಟ್ಟಿ ಇನ್ನೂ ಮುಗಿದಿಲ್ಲ.

ನಮ್ಮದು ಮಲ್ಪೆಯ ಐಸ್ ಪ್ಲಾಂಟುಗಳ ಲೆಕ್ಕ.
ಯಾವ ಬೋಟಿಗೆ ಎಷ್ಟು ಗಡ್ಡೆ,
ಯಾರ ಬಾಕಿ ಎಷ್ಟು,
ಇಷ್ಟೇ.
ಮೊದಲು ವಾರಕ್ಕೆ ಎರಡು ಬಿಡುಗಡೆ.
ಗೋಡೆಯ ಮೇಲೆ ನೀಲಿ ಗೀಟು ಎಳೆದೆ.
ಗೀಟು ಕಂಡದ್ದೇ ತಡ,
ಮೇ ಮೊದಲ ವಾರ ಹನ್ನೊಂದು!

ಬಗೆದು ನೋಡಿದೆ.
ಪ್ರಣಮ್ ಕೊಟ್ಟಾರಿ ಒಂದು ಬಟನ್ನನ್ನು
ಸೋಮವಾರ ಹಸಿರು ಮಾಡಿದ್ದ,
ಬುಧವಾರ ಎಡದಿಂದ ಬಲಕ್ಕೆ ಸರಿಸಿದ್ದ,
ಶುಕ್ರವಾರ ಹಸಿರನ್ನು ತುಸು ತಿಳಿಯಾಗಿಸಿದ್ದ.
ಒಂದು ಬಂಗುಡೆಯನ್ನು ಮೂರು ತುಂಡು ಮಾಡಿ
ಮೂರು ಮೀನು ಎಂದ ಹಾಗೆ.
ಪುಣೆ ಚಪ್ಪಾಳೆ ತಟ್ಟಿತು.
ನಾನೂ ತಟ್ಟಿದೆ, ಮೈಕು ಬಂದ್ ಮಾಡಿಕೊಂಡು.

ಡೆಲ್ಫಿನ್ ಮಥಾಯಸಳ ಹೆಸರಿನೆದುರು ಆ ತಿಂಗಳಿಡೀ ಸೊನ್ನೆ.
ಅವಳು ಏಳು ವರ್ಷದಿಂದ ಯಾರೂ ತೆರೆಯದ
ಒಂದು ಫೈಲಿನೊಳಗೆ ಹೊಕ್ಕಿದ್ದಳು.
ಕೆಲವು ಬೋಟುಗಳಿಗೆ, ಕೆಲವು ದಿನ ಮಾತ್ರ,
ಒಂದೇ ಐಸಿಗೆ ಎರಡು ಬಿಲ್ಲು ಬೀಳುವುದು ಯಾಕೆ?
ಡಬ್ಬಿಯ ಸನ್ನಣ ಸಂಜೆಗೆ ಒಣಗಿರುತ್ತಿತ್ತು.
ಕೇಳಿದರೆ "ಸಿಗ್ತದೆ" ಅನ್ನುವಳು,
ಮತ್ತೆ ಮಾತಿಲ್ಲ.
ಸೊನ್ನೆ ಬರೆದವಳು ನಾನೇ.
ದುಂಡಗೆ ಬರೆದೆ,
ನನ್ನ ಅಕ್ಷರ ಶಾಲೆಯಿಂದಲೂ ಚಂದ.

ಮೇ ಕೊನೆಗೆ, ರಾತ್ರಿಯ ಬಿಡುಗಡೆಯೊಂದು ಮುಗ್ಗರಿಸಿ,
ಬೆಳಗಿನ ಐದಕ್ಕೆ ನನ್ನನ್ನು ಪ್ಲಾಂಟಿಗೆ ಕಳಿಸಿದರು.
ಐಸು ಪುಡಿಯಾಗುವ ಸದ್ದಿನಲ್ಲಿ
ಸುಧಾಮ ಕುಂದರ್ ಕೂಗಿ ಕೇಳಿದರು:
"ದಿನಾ ನನ್ನ ಬಟನ್ನು ಎಲ್ಲಿಗೆ ಹೋಗುವುದು ಮಾರಾಯ್ತಿ?
ನಿನ್ನೆ ಇಲ್ಲಿತ್ತು, ಇವತ್ತು ಅಲ್ಲಿ.
ನನ್ನ ಕೈ ಮಾತ್ರ ಇಲ್ಲಿಗೇ ಬರ್ತದೆ."
ಕಂಪ್ಯೂಟರಿಗೆ ಗೋಣಿ ಹೊದೆಸಿದ್ದರು.
ತಗಡಿನ ಬಾಗಿಲ ತುಂಬ ಸೀಮೆಸುಣ್ಣದ ಗೆರೆಗಳು,
ನಾಲ್ಕು ನಿಂತ ಗೆರೆ, ಅಡ್ಡ ಒಂದು.
"ಇದನ್ನು ಎಷ್ಟು ದಿನಕ್ಕೊಮ್ಮೆ ಬದಲಿಸ್ತೀರಿ?"
ಅಭ್ಯಾಸಬಲದಿಂದ ಕೇಳಿಬಿಟ್ಟೆ.
"ಸುಣ್ಣ ಮುಗಿದಾಗ."
ಕರಗಿದ ನೀರು ಚಪ್ಪಲಿಯೊಳಗೆ ಬಂದು
ಬೆರಳುಗಳು ಮರಗಟ್ಟಿದವು.

ಜೂನ್ ಒಂದಕ್ಕೆ ಬೋಟುಗಳು ದಕ್ಕೆಯೊಳಗೆ
ಒಂದರ ಮೈಗೊಂದು ಒರಗಿ ನಿಂತವು.
ಅರವತ್ತೊಂದು ದಿನ ಕಡಲಿಗಿಲ್ಲ.
ಶೆಡ್ಡಿನಡಿ ಬಲೆ ಹರಡಿ ಕೂತವರನ್ನು
ಈ ವಾರ ಎಷ್ಟು ಬುಟ್ಟಿ ಎಂದು
ಯಾರೂ ಕೇಳಲಿಲ್ಲ.
ಗೋಡೆಯ ಮೇಲೆ ನನ್ನ ಗೀಟು ಮಾತ್ರ
ಜಾರಿ ಬಿತ್ತು.
ಪುಣೆ ಕಾರಣ ಕೇಳಿತು.
ಎರಡು ಪುಟ ಬರೆದು, ಅಳಿಸಿ,
"ಮಳೆ" ಎಂದು ಕಳಿಸಿದೆ.

ಆ ಮಳೆಯಲ್ಲೇ ಡೆಲ್ಫಿನ್ ಕುರ್ಚಿ ತಿರುಗಿಸಿದಳು.
ಹನ್ನೊಂದೂ ಐವತ್ತಕ್ಕೆ ಐಸು ತುಂಬಿಸಲು ಶುರುಮಾಡಿ
ಹನ್ನೆರಡು ದಾಟಿ ಮುಗಿಸಿದ ಬೋಟಿಗೆ
ನಿನ್ನೆಯದೊಂದು, ಇವತ್ತಿನದೊಂದು ಬಿಲ್ಲು.
ಅಷ್ಟೇ.
ತಿದ್ದಿದ್ದು ಒಂದೂವರೆ ಸಾಲು.
ಒಂದು ಬಿಡುಗಡೆ,
ಐಸು ಕೊಳ್ಳುವವರೇ ಇಲ್ಲದ ವಾರದಲ್ಲಿ.
ಚುಕ್ಕಿ ಇಟ್ಟೆ.
ಪ್ರಣಮನ ಬಟನ್ನಿಗಿಟ್ಟಷ್ಟೇ ದೊಡ್ಡ ಚುಕ್ಕಿ,
ಬೇರೆ ಅಳತೆಯದು ನನಗೆ ಕೊಟ್ಟಿರಲಿಲ್ಲ.
ಮೂವತ್ತೆಂಟು ಬೋಟಿನವರಿಗೆ ಹಣ ಮರಳಬೇಕಿತ್ತು.
ಆ ಪಟ್ಟಿ ಯಾವ ಗೋಡೆಗೂ ಏರಲಿಲ್ಲ.

ಆಗಸ್ಟಿನಲ್ಲಿ ಮತ್ತೆ ಹೋದೆ,
ಯಾರೂ ಕಳಿಸಿದ್ದಲ್ಲ.
ಕುಂದರ್ ಗೋಣಿ ತೆಗೆದು,
ಕಣ್ಣು ಮುಚ್ಚಿ ಬೆರಳು ಇಟ್ಟು ನೋಡಿದರು.
"ಅಲ್ಲೇ ಉಂಟು" ಎಂದರು.
ಆದರೂ ಸುಣ್ಣದ ತುಂಡು ಬಿಸಾಡಲಿಲ್ಲ,
ಕಿವಿಯ ಹಿಂದೆ ಸಿಕ್ಕಿಸಿಕೊಂಡರು.